ಮನೆಯಲ್ಲೇ ಮಾಡುವ ಬಾತ್ ಸಾಲ್ಟ್: ಯಾವುದು ನಿಜ, ಯಾವುದು ಬರೀ ಫಾರ್ವರ್ಡ್?

‘ಬಿಸಿನೀರಿಗೆ ಒಂದು ಹಿಡಿ ಎಪ್ಸಮ್ ಸಾಲ್ಟ್ ಹಾಕಿ 20 ನಿಮಿಷ ಕಾಲಿಟ್ಟು ಕುಳಿತರೆ ದೇಹದ ವಿಷವೆಲ್ಲ ಹೊರಬರುತ್ತದೆ, ಮೆಗ್ನೀಷಿಯಂ ಕೊರತೆ ನೀಗುತ್ತದೆ, ಮಂಡಿನೋವು ಮಾಯವಾಗುತ್ತದೆ. ಡಾಕ್ಟರುಗಳು ಇದನ್ನು ನಿಮಗೆ ಹೇಳುವುದಿಲ್ಲ. ಎಲ್ಲರಿಗೂ ಕಳುಹಿಸಿ.’ ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರ ಜೊತೆಗೆ ಗಾಜಿನ ಬಾಟಲಿಯಲ್ಲಿ ಬಣ್ಣಬಣ್ಣದ ಉಪ್ಪು ತುಂಬಿಸಿ, ರಿಬ್ಬನ್ ಕಟ್ಟಿ, ಹಬ್ಬಕ್ಕೆ ಉಡುಗೊರೆ ಕೊಡುವುದು ಹೇಗೆಂದು ತೋರಿಸುವ ವಿಡಿಯೊಗಳೂ ಓಡಾಡುತ್ತಿವೆ.

ಬಾತ್ ಸಾಲ್ಟ್ ಮಾಡುವುದು ಸುಲಭ, ಖರ್ಚೂ ಕಡಿಮೆ. ದಣಿದ ಕಾಲಿಗೆ ಹಿತ ಎನಿಸುವುದೂ ಸುಳ್ಳಲ್ಲ. ಆದರೆ ಫಾರ್ವರ್ಡ್‌ಗಳು ಹೇಳುವ ಔಷಧಿ ಗುಣಗಳಿಗೆ ಆಧಾರ ತೀರಾ ಕಡಿಮೆ, ಕೆಲವಂತೂ ಅಪಾಯಕಾರಿ. ಯಾವ ಉಪ್ಪು, ಎಲ್ಲಿಂದ ತಂದದ್ದು, ಯಾರ ಕಾಲಿಗೆ ಎಂಬುದನ್ನು ನೋಡದೆ ಬಳಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು ಆಗಬಹುದು.

ಈ ಲೇಖನದ ಉದಾಹರಣೆಗಳನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲೂಕುಗಳಿಂದ ತೆಗೆದುಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ಅಡಿಕೆ, ಭತ್ತ ಬೆಳೆಯುವ ಈ ಊರುಗಳಲ್ಲಿ ಬಾತ್ ಸಾಲ್ಟ್‌ಗೆ ಹಾಕುವ ವಸ್ತು ಮೆಡಿಕಲ್ ಶಾಪಿನಲ್ಲಷ್ಟೇ ಅಲ್ಲ, ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ.

ಬಾತ್ ಸಾಲ್ಟ್ ಎಂದರೆ ಏನು?

ಸ್ನಾನದ ನೀರಿಗೆ ಅಥವಾ ಕಾಲು ನೆನೆಸುವ ನೀರಿಗೆ ಹಾಕುವ ಉಪ್ಪಿನ ಮಿಶ್ರಣಕ್ಕೆ ಬಾತ್ ಸಾಲ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಇಷ್ಟೇ:

• ಹರಳುಪ್ಪು ಅಥವಾ ಕಲ್ಲುಪ್ಪು. ಇದು ಸಮುದ್ರದ ನೀರಿನಿಂದ ಮಾಡಿದ ಸೋಡಿಯಂ ಕ್ಲೋರೈಡ್. ಘಟ್ಟದ ಕೆಳಗೆ ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬಿಸಿಲಿಗೆ ನೀರು ಆರಿಸಿ ತೆಗೆಯುವುದು ಇದನ್ನೇ.

• ಎಪ್ಸಮ್ ಸಾಲ್ಟ್. ಇದು ಊಟಕ್ಕೆ ಬಳಸುವ ಉಪ್ಪಲ್ಲ, ಮೆಗ್ನೀಷಿಯಂ ಸಲ್ಫೇಟ್. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಕಹಿ ನೀರಿನಲ್ಲಿ 17ನೇ ಶತಮಾನದಲ್ಲಿ ಸಿಕ್ಕಿದ್ದರಿಂದ ಈ ಹೆಸರು ಬಂತು. ಇದರ ಹರಳಿನ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನೀರೇ ಇರುತ್ತದೆ. ಮೆಗ್ನೀಷಿಯಂ ಇರುವುದು ಶೇ 10ಕ್ಕಿಂತ ಸ್ವಲ್ಪ ಕಡಿಮೆ.

• ಸೈಂಧವ ಉಪ್ಪು. ‘ಹಿಮಾಲಯನ್ ಪಿಂಕ್ ಸಾಲ್ಟ್’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ. ಇದರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣ ಬರುವುದು ಸ್ವಲ್ಪ ಪ್ರಮಾಣದ ಕಬ್ಬಿಣದ ಆಕ್ಸೈಡ್‌ನಿಂದ. ನೀರಿಗೆ ಹಾಕಿದ ಮೇಲೆ ಇದಕ್ಕೂ ಕಲ್ಲುಪ್ಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

• ಅಡುಗೆ ಸೋಡಾ, ಸುಗಂಧಕ್ಕೆ ಕೆಲವು ಹನಿ ಎಣ್ಣೆ, ಅಂದಕ್ಕೆ ಒಣಗಿದ ಹೂವಿನ ಎಸಳು.

‘ಬಾತ್ ಸಾಲ್ಟ್ ಮಾದಕ ವಸ್ತು’ ಎಂಬ ಸುದ್ದಿ ನಿಜವೇ?

ಈ ಗಾಬರಿಗೂ ಒಂದು ಕಾರಣವಿದೆ. ಅಮೆರಿಕದಲ್ಲಿ 2010ರ ಆಸುಪಾಸಿನಲ್ಲಿ ಕಾನೂನಿನ ಕಣ್ಣು ತಪ್ಪಿಸಲು ಕೆಲವು ಕೃತಕ ಮಾದಕ ವಸ್ತುಗಳ ಪೊಟ್ಟಣದ ಮೇಲೆ ‘ಬಾತ್ ಸಾಲ್ಟ್’ ಎಂದು ಬರೆದು ಮಾರುತ್ತಿದ್ದರು. ನೋಡಲು ಬಿಳಿ ಪುಡಿಯಾದ್ದರಿಂದ ಆ ಹೆಸರು ಅಂಟಿಕೊಂಡಿತು. ಆ ಗುಂಪಿಗೆ ಸೇರಿದ ಮೆಫೆಡ್ರೋನ್ ಎಂಬ ವಸ್ತುವನ್ನು ಭಾರತ 2015ರಲ್ಲಿ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ತಂದಿತು.

2012ರಲ್ಲಿ ಮಯಾಮಿಯಲ್ಲಿ ಒಬ್ಬಾತ ಇನ್ನೊಬ್ಬನ ಮುಖವನ್ನು ಕಚ್ಚಿ ತಿಂದ ಘಟನೆಗೆ ‘ಬಾತ್ ಸಾಲ್ಟ್’ ಕಾರಣ ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು. ಆಮೇಲೆ ನಡೆದ ಪ್ರಯೋಗಾಲಯ ಪರೀಕ್ಷೆಯಲ್ಲಿ ಆ ವ್ಯಕ್ತಿಯ ದೇಹದಲ್ಲಿ ಗಾಂಜಾ ಬಿಟ್ಟರೆ ಬೇರೆ ಮಾದಕ ವಸ್ತು ಪತ್ತೆಯಾಗಲಿಲ್ಲ. ಈ ಭಾಗ ಮಾತ್ರ ಫಾರ್ವರ್ಡ್ ಆಗಲಿಲ್ಲ.

ಒಟ್ಟಿನಲ್ಲಿ ಸ್ನಾನದ ಉಪ್ಪಿಗೂ ಆ ಮಾದಕ ವಸ್ತುವಿಗೂ ಹೆಸರು ಬಿಟ್ಟರೆ ಬೇರೆ ಸಂಬಂಧವಿಲ್ಲ.

ಕಾಲು ನೆನೆಸಿದಾಗ ಹಿತವೆನಿಸುವುದು ಯಾಕೆ?

ದಿನವಿಡೀ ಗದ್ದೆಯಲ್ಲಿ ನಿಂತು ನಾಟಿ ಮಾಡಿದವರಿಗೆ, ಅಡಿಕೆ ಸುಲಿಯಲು ಕುಳಿತವರಿಗೆ, ಬಸ್ಸಿನಲ್ಲಿ ನಿಂತುಕೊಂಡೇ ಶಿವಮೊಗ್ಗಕ್ಕೆ ಹೋಗಿ ಬಂದವರಿಗೆ ಬಿಸಿನೀರಿನಲ್ಲಿ ಕಾಲಿಟ್ಟರೆ ಆರಾಮ ಎನಿಸುತ್ತದೆ. ಆದರೆ ಆ ಆರಾಮದ ಮುಖ್ಯ ಕಾರಣ ಉಪ್ಪಲ್ಲ, ಬೆಚ್ಚಗಿನ ನೀರು.

ಬೆಚ್ಚಗಿನ ನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ರಕ್ತಸಂಚಾರ ಹೆಚ್ಚುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ನಿದ್ದೆಗೂ ಇದಕ್ಕೂ ನಂಟಿದೆ. ನಿದ್ದೆ ಹತ್ತುವ ಮುನ್ನ ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಅಂಗೈ, ಅಂಗಾಲುಗಳ ರಕ್ತನಾಳ ಹಿಗ್ಗಿದಾಗ ಒಳಗಿನ ಶಾಖ ಅಲ್ಲಿಂದ ಹೊರಹೋಗುತ್ತದೆ. ಕಾಲು ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಹತ್ತುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮಲಗುವ 1ರಿಂದ 2 ಗಂಟೆ ಮೊದಲು, 40ರಿಂದ 42.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷವಾದರೂ ಸ್ನಾನ ಮಾಡಿದರೆ ನಿದ್ದೆ ಬೇಗ ಬರುತ್ತದೆ ಎಂಬುದು ಆ ತಂಡದ ತೀರ್ಮಾನ.

ಗಮನಿಸಿ, ಈ ಲೆಕ್ಕವೆಲ್ಲ ಬೆಚ್ಚಗಿನ ನೀರಿನದು. ಅದಕ್ಕೆ ಉಪ್ಪು ಬೇಕೆಂದು ಅಲ್ಲಿ ಹೇಳಿಲ್ಲ. ಮಲೆನಾಡಿನ ಬಚ್ಚಲಿನಲ್ಲಿ ಹಂಡೆ ನೀರು ಮಿಂದು ಮಲಗಿದವರಿಗೆ ಬರುವ ನಿದ್ದೆ ಇದೇ ಲೆಕ್ಕದ್ದು. ಉಪ್ಪು, ಪರಿಮಳ, ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು ಸುಮ್ಮನೆ ಕೂರುವುದು ಇವೆಲ್ಲ ಅದರ ಮೇಲಿನ ಒಗ್ಗರಣೆ.

ಹೇಳಿಕೆ 1: ಕಾಲಿನ ಚರ್ಮದಿಂದ ಮೆಗ್ನೀಷಿಯಂ ದೇಹಕ್ಕೆ ಸೇರುತ್ತದೆ

ವಾಸ್ತವ: ಇದಕ್ಕೆ ಗಟ್ಟಿ ಪುರಾವೆ ಇಲ್ಲ.

ನಮ್ಮ ಚರ್ಮದ ಹೊರಪದರದ ಕೆಲಸವೇ ಹೊರಗಿನದನ್ನು ಒಳಗೆ ಬಿಡದಿರುವುದು. ಆ ಪದರ ಕೊಬ್ಬಿನಂಶದ್ದು. ನೀರಿನಲ್ಲಿ ಕರಗಿದ ಮೆಗ್ನೀಷಿಯಂ ವಿದ್ಯುದಂಶ ಹೊತ್ತ ಕಣವಾಗಿ, ಸುತ್ತಲೂ ನೀರಿನ ಅಣುಗಳನ್ನು ಅಂಟಿಸಿಕೊಂಡಿರುತ್ತದೆ. ಅಂಥ ಕಣಕ್ಕೆ ಈ ಗೋಡೆ ದಾಟುವುದು ಕಷ್ಟ.

ಮೆಗ್ನೀಷಿಯಂ ಒಳಗೆ ಹೋಗುತ್ತದೆ ಎನ್ನುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಒಂದು ವರದಿಯನ್ನು ತೋರಿಸುತ್ತಾರೆ. ಅದರಲ್ಲಿ ಪಾಲ್ಗೊಂಡವರು ಕೇವಲ 19 ಜನ. ಇತರ ವಿಜ್ಞಾನಿಗಳು ಪರಿಶೀಲಿಸಿ ಒಪ್ಪಿ ಪ್ರಕಟಿಸುವ ಪತ್ರಿಕೆಯಲ್ಲಿ ಅದು ಬರಲಿಲ್ಲ. 2017ರಲ್ಲಿ ‘ನ್ಯೂಟ್ರಿಯೆಂಟ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪರಾಮರ್ಶೆ ಲಭ್ಯ ಅಧ್ಯಯನಗಳನ್ನೆಲ್ಲ ನೋಡಿ, ಚರ್ಮದ ಮೂಲಕ ಮೆಗ್ನೀಷಿಯಂ ಕೊಡುವ ಪ್ರಚಾರಕ್ಕೆ ವೈಜ್ಞಾನಿಕ ಬೆಂಬಲವಿಲ್ಲ ಎಂದಿತು.

ಮೆಗ್ನೀಷಿಯಂ ಬೇಕಿದ್ದರೆ ದಾರಿ ಊಟದ ತಟ್ಟೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಷಿಯಂ ಇದೆ. ಸೊಪ್ಪು, ಶೇಂಗಾ, ಎಳ್ಳು, ಕಾಳುಗಳಲ್ಲೂ ಧಾರಾಳವಾಗಿದೆ.

ಉಪ್ಪುನೀರಿನಿಂದ ಚರ್ಮಕ್ಕೆ ಏನೂ ಉಪಯೋಗವಿಲ್ಲವೇ ಎಂದರೆ, ಮೃತ ಸಮುದ್ರದ ಉಪ್ಪಿನ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಬಂದಿದೆ. ತುರಿಕೆ ಮತ್ತು ಒಣಚರ್ಮ ಇರುವವರು ಶೇ 5ರಷ್ಟು ಉಪ್ಪಿನ ದ್ರಾವಣದಲ್ಲಿ 15 ನಿಮಿಷ ಕೈ ಇಟ್ಟಾಗ ಚರ್ಮದ ಸ್ಥಿತಿ ಸುಧಾರಿಸಿತ್ತು. ಆದರೆ ಅದು ಬೇರೆ ಉಪ್ಪು, ಅದರ ಪ್ರಮಾಣವೂ ಬೇರೆ. 6 ಲೀಟರ್ ನೀರಿಗೆ ಆ ಲೆಕ್ಕದಲ್ಲಿ 300 ಗ್ರಾಂ ಉಪ್ಪು ಬೇಕು. ‘ಒಂದು ಹಿಡಿ’ ಫಾರ್ವರ್ಡ್‌ಗೆ ಆ ಫಲಿತಾಂಶವನ್ನು ಅಂಟಿಸಲು ಬರುವುದಿಲ್ಲ.

ಹೇಳಿಕೆ 2: ಅಂಗಾಲಿನಿಂದ ವಿಷ ಹೊರಬರುತ್ತದೆ, ನೀರಿನ ಬಣ್ಣವೇ ಸಾಕ್ಷಿ

ವಾಸ್ತವ: ಸುಳ್ಳು.

ರಕ್ತದಲ್ಲಿನ ಬೇಡದ ವಸ್ತುಗಳನ್ನು ಸೋಸಿ ಹೊರಹಾಕುವುದು ಯಕೃತ್ತು ಮತ್ತು ಮೂತ್ರಪಿಂಡಗಳು. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆ, ನಿಜ. ಆದರೆ ಬೆವರು ಎಂದರೆ ಮುಖ್ಯವಾಗಿ ನೀರು ಮತ್ತು ಉಪ್ಪು. ಅದರ ಕೆಲಸ ಮೈ ತಂಪು ಮಾಡುವುದು.

ಹಾಗಾದರೆ ವಿಡಿಯೊಗಳಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುವುದು ಹೇಗೆ? ಆ ಯಂತ್ರಗಳಲ್ಲಿ ಲೋಹದ ಪಟ್ಟಿಗಳಿರುತ್ತವೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದಾಗ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ನೀರಿಗೆ ಬಣ್ಣ ಬಿಡುತ್ತದೆ. ಕಾಲು ಇಡದಿದ್ದರೂ ಬಣ್ಣ ಬರುತ್ತದೆ. ಇಂಥ ಒಂದು ಯಂತ್ರವನ್ನು 2012ರಲ್ಲಿ ಸಂಶೋಧಕರು ಪರೀಕ್ಷಿಸಿ, ಅಂಗಾಲಿನಿಂದ ವಿಷಲೋಹಗಳು ಹೊರಬಂದ ಲಕ್ಷಣ ಕಾಣಲಿಲ್ಲ ಎಂದು ವರದಿ ಮಾಡಿದರು.

ಯಂತ್ರವಿಲ್ಲದ ಬಕೆಟ್‌ನಲ್ಲೂ ನೀರು ಕಲಕಾದರೆ ಅದು ಕಾಲಿನ ಮಣ್ಣು, ಕೊಳೆ ಮತ್ತು ಸತ್ತ ಚರ್ಮ. ಬೆರಳು ಸುಕ್ಕುಗಟ್ಟುವುದೂ ‘ವಿಷ ಎಳೆದ’ ಗುರುತಲ್ಲ. ನರಗಳ ಸೂಚನೆಯಂತೆ ಬೆರಳ ತುದಿಯ ರಕ್ತನಾಳ ಕುಗ್ಗುವುದರಿಂದ ಹಾಗಾಗುತ್ತದೆ. ನರ ಹಾನಿಯಾದ ಬೆರಳು ನೀರಿನಲ್ಲಿಟ್ಟರೂ ಸುಕ್ಕುಗಟ್ಟುವುದಿಲ್ಲ.

ಹೇಳಿಕೆ 3: ಎಪ್ಸಮ್ ಸಾಲ್ಟ್ ಕುಡಿದರೆ ಪಿತ್ತಕೋಶದ ಕಲ್ಲು ಬಿದ್ದುಹೋಗುತ್ತದೆ

ವಾಸ್ತವ: ಸುಳ್ಳು. ಅಪಾಯವೂ ಹೌದು.

ಐದು ದಿನ ಸೇಬಿನ ರಸ, ಆರನೇ ದಿನ ಎಪ್ಸಮ್ ಸಾಲ್ಟ್, ರಾತ್ರಿ ಆಲಿವ್ ಎಣ್ಣೆ ಮತ್ತು ನಿಂಬೆರಸ ಎಂಬ ಸಂದೇಶ ವರ್ಷಗಳಿಂದ ತಿರುಗುತ್ತಿದೆ. ಮರುದಿನ ಹಸಿರು ಉಂಡೆಗಳು ಹೊರಬಂದವು ಎಂದು ಫೋಟೊ ಹಾಕುವವರೂ ಇದ್ದಾರೆ. ಎಣ್ಣೆ ಮತ್ತು ನಿಂಬೆರಸ ಕುಡಿದ ಮಹಿಳೆಯೊಬ್ಬರಿಂದ ಹೊರಬಂದ ಇಂಥ ಉಂಡೆಗಳನ್ನು ವೈದ್ಯರು ಪರೀಕ್ಷಿಸಿದ ವರದಿ 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅವು ಪಿತ್ತಕೋಶದ ಕಲ್ಲುಗಳಾಗಿರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾಗಿತ್ತು.

ಎಪ್ಸಮ್ ಸಾಲ್ಟ್ ಕುಡಿದರೆ ಭೇದಿಯಾಗುತ್ತದೆ. ಹಿಂದೆ ಅದನ್ನು ಭೇದಿ ಔಷಧವಾಗಿಯೇ ಕೊಡುತ್ತಿದ್ದರು. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಹೆಚ್ಚುವರಿ ಮೆಗ್ನೀಷಿಯಂ ಹೊರಹೋಗದೆ ರಕ್ತದಲ್ಲೇ ಉಳಿದು, ರಕ್ತದೊತ್ತಡ ಕುಸಿಯಬಹುದು, ಉಸಿರಾಟ ನಿಧಾನವಾಗಬಹುದು, ಹೃದಯ ನಿಲ್ಲಲೂಬಹುದು. ಗರ್ಭಿಣಿಯರಿಗೆ ಬರುವ ಅಪಸ್ಮಾರದಂಥ ಸೆಳೆತ ತಡೆಯಲು ಆಸ್ಪತ್ರೆಯಲ್ಲಿ ಇದೇ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತಾರೆ. ಆಗ ದಾದಿಯರು ಉಸಿರಾಟ, ಮೂತ್ರದ ಪ್ರಮಾಣ ಮತ್ತು ಮಂಡಿಯ ಪ್ರತಿಕ್ರಿಯೆಯನ್ನು ಮತ್ತೆಮತ್ತೆ ನೋಡುತ್ತಿರುತ್ತಾರೆ. ಅಷ್ಟು ಕಾಳಜಿಯಿಂದ ಕೊಡುವ ವಸ್ತುವನ್ನು ಚಮಚದ ಲೆಕ್ಕದಲ್ಲಿ ಕುಡಿಯಲು ಫಾರ್ವರ್ಡ್ ನಂಬಬೇಡಿ.

ಹೇಳಿಕೆ 4: ಉಪ್ಪುನೀರು ಉಣ್ಣೆ, ಕೆಸರು ಹುಣ್ಣು ಎಲ್ಲಕ್ಕೂ ಮದ್ದು

ವಾಸ್ತವ: ಇಲ್ಲ. ಈ ಎರಡು ತಾಲೂಕಿನವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಉಂಬಳ ಕಚ್ಚಿದಾಗ ಉಪ್ಪು ಹಾಕಿದರೆ ಅದು ಬಿಟ್ಟು ಬೀಳುತ್ತದೆ. ಇದು ಮಲೆನಾಡಿನವರಿಗೆ ಗೊತ್ತಿರುವ ಮಾತು. ಅದರ ಮೈ ಮೆತ್ತಗೆ, ಒದ್ದೆ. ಉಪ್ಪು ಬಿದ್ದರೆ ನೀರು ಕಳೆದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ, ಅದಕ್ಕೆ ಗಟ್ಟಿ ಹೊರಕವಚವಿದೆ. ಉಪ್ಪುನೀರಿನಲ್ಲಿ ಕಾಲಿಟ್ಟರೆ ಉಣ್ಣೆ ಸಾಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಸೊರಬದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಕಾಯಿಲೆಗೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂದೇ ಹೆಸರು. ವೈರಸ್ ಹೊತ್ತ ಉಣ್ಣೆ ಕಚ್ಚುವುದರಿಂದ ಅದು ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ದರಗು ತರಲು, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿಕೊಳ್ಳಬೇಕು, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಬೇಕು. ಬಂದ ಮೇಲೆ ಸೋಪು ಹಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೈ ಪರೀಕ್ಷಿಸಿಕೊಂಡು, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಜ್ವರ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಬೇಕು. ಬಾತ್ ಸಾಲ್ಟ್ ಇದರಲ್ಲಿ ಯಾವುದಕ್ಕೂ ಬದಲಿಯಲ್ಲ.

ಇನ್ನು ನಾಟಿ ಸಮಯದಲ್ಲಿ ಕಾಲ್ಬೆರಳ ಸಂದಿಯಲ್ಲಿ ಆಗುವ ಕೆಸರು ಹುಣ್ಣು. ದಿನವಿಡೀ ಒದ್ದೆಯಲ್ಲಿದ್ದ ಚರ್ಮ ಬೆಳ್ಳಗಾಗಿ, ಮೆತ್ತಗಾಗಿ, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳಿಗೆ ಜಾಗ ಕೊಡುತ್ತದೆ. ಆ ಕಾಲನ್ನು ರಾತ್ರಿ ಮತ್ತೆ 20 ನಿಮಿಷ ನೆನೆಸಿದರೆ ಒದ್ದೆ ಇನ್ನೂ ಹೆಚ್ಚುತ್ತದೆ, ಉಪ್ಪಿಗೆ ಉರಿಯೂ ಏಳುತ್ತದೆ. ಅಲ್ಲಿ ಬೇಕಾದದ್ದು ತೊಳೆದು, ಬೆರಳ ಸಂದಿ ಒರೆಸಿ ಒಣಗಿಸುವುದು. ಜೊತೆಗೆ ವೈದ್ಯರು ಹೇಳಿದ ಮುಲಾಮು.

ಯಾವ ಅಂಗಡಿಯ ಉಪ್ಪು?

ಅಡಿಕೆ ತೋಟದಲ್ಲಿ ಸೋಗೆ ಹಳದಿಯಾದಾಗ, ಮೆಗ್ನೀಷಿಯಂ ಕೊರತೆ ಇದ್ದರೆ, ಬುಡಕ್ಕೆ ಹಾಕುವುದು ಮೆಗ್ನೀಷಿಯಂ ಸಲ್ಫೇಟ್. ರಾಸಾಯನಿಕವಾಗಿ ಅದು ಎಪ್ಸಮ್ ಸಾಲ್ಟೇ. ಗೊಬ್ಬರದ ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ‘ಎರಡೂ ಒಂದೇ ಅಲ್ಲವೇ, ಮನೆಯಲ್ಲಿ ಅರ್ಧ ಚೀಲ ಉಳಿದಿದೆ’ ಎಂದು ಅನಿಸುವುದು ಸಹಜ. ಆದರೆ ಮೈಗೆ ಅದು ಬೇಡ, ಮೂರು ಕಾರಣಕ್ಕೆ.

ಮೊದಲನೆಯದು, ಗೊಬ್ಬರವನ್ನು ಗಿಡಕ್ಕೆಂದು ತಯಾರಿಸುತ್ತಾರೆ. ಔಷಧಿಗೆ ಬೇಕಾದ ಶುದ್ಧತೆ ಅದಕ್ಕಿರಬೇಕಿಲ್ಲ. ಎರಡನೆಯದು, ಬಿಡಿಯಾಗಿ ತೂಗಿ ಕೊಡುವಲ್ಲಿ ತಕ್ಕಡಿ, ಮೊಗೆ, ಚೀಲ ಎಲ್ಲವೂ ಕೀಟನಾಶಕ ಮುಟ್ಟಿದ್ದಿರಬಹುದು. ಮೂರನೆಯದು, ಭತ್ತಕ್ಕೆ ಹಾಕುವ ಜಿಂಕ್ ಸಲ್ಫೇಟ್ ನೋಡಲು ಥೇಟ್ ಇದರಂತೆಯೇ ಬಿಳಿ ಹರಳು. ಜಿಂಕ್ ಸಲ್ಫೇಟ್‌ಗೆ ಅಗ್ಗದ ಮೆಗ್ನೀಷಿಯಂ ಸಲ್ಫೇಟ್ ಬೆರೆಸುವ ಕಲಬೆರಕೆ ಕೃಷಿ ಇಲಾಖೆಯವರಿಗೆ ಹಳೆಯ ತಲೆನೋವು. ಕಣ್ಣಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಜಿಂಕ್ ಸಲ್ಫೇಟ್ ಕಣ್ಣಿಗೆ ಬಿದ್ದರೆ ತೀವ್ರ ಹಾನಿ, ನುಂಗಿದರೆ ವಾಂತಿ.

ಇದಕ್ಕಿಂತ ದೊಡ್ಡ ಅಪಾಯ ಮೈಲುತುತ್ತ. ಅಡಿಕೆ ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಬೇಕು. ಹಾಗಾಗಿ ತೋಟವಿರುವ ಎಷ್ಟೋ ಮನೆಗಳ ಅಟ್ಟದಲ್ಲಿ ಅದು ಇರುತ್ತದೆ. ಅದರ ಹರಳು ಅಚ್ಚ ನೀಲಿ, ನೋಡಲು ಬಲು ಚೆಂದ. ವಿಡಿಯೊದಲ್ಲಿ ಕಂಡ ನೀಲಿ ಬಾತ್ ಸಾಲ್ಟ್‌ನ ನೆನಪು ತರುವಷ್ಟು ಚೆಂದ. ಆದರೆ ಅದು ತಾಮ್ರದ ಸಲ್ಫೇಟ್. ಸ್ವಲ್ಪವೇ ನುಂಗಿದರೂ ಹೊಟ್ಟೆ ಸುಟ್ಟು, ಯಕೃತ್ತು, ಮೂತ್ರಪಿಂಡ ಹಾಳಾಗಿ ಜೀವ ಹೋಗಬಹುದು. ಬಣ್ಣಕ್ಕೆಂದು ಒಂದು ಹರಳನ್ನೂ ಹಾಕಬೇಡಿ. ಮಕ್ಕಳು ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣವನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ನಿಯಮ ಸರಳ: ಎಪ್ಸಮ್ ಸಾಲ್ಟ್ ಮೆಡಿಕಲ್ ಶಾಪಿನದು, ಮೊಹರು ಮಾಡಿದ ಪೊಟ್ಟಣದ್ದು ಇರಲಿ. ಕಲ್ಲುಪ್ಪು ದಿನಸಿ ಅಂಗಡಿಯದು ಸಾಕು.

ಮಾಡುವ ವಿಧಾನ

ಸುಮಾರು ಅರ್ಧ ಕಿಲೊ ಮಿಶ್ರಣಕ್ಕೆ ಬೇಕಾದದ್ದು:

• ಕಲ್ಲುಪ್ಪು: 300 ಗ್ರಾಂ
• ಎಪ್ಸಮ್ ಸಾಲ್ಟ್: 150 ಗ್ರಾಂ
• ಅಡುಗೆ ಸೋಡಾ: 50 ಗ್ರಾಂ
• ಕೊಬ್ಬರಿ ಎಣ್ಣೆ: 1 ಟೀ ಚಮಚ
• ಸುಗಂಧ ತೈಲ: ಹೆಚ್ಚೆಂದರೆ 15 ಹನಿ (ಹಾಕದಿದ್ದರೂ ನಡೆಯುತ್ತದೆ)

1. ಕಲ್ಲುಪ್ಪನ್ನು ಬಿಸಿಲಿನಲ್ಲಿ ಅಥವಾ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ತೇವ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಎಪ್ಸಮ್ ಸಾಲ್ಟನ್ನು ಬಿಸಿ ಮಾಡಬೇಡಿ. ಅದರ ಹರಳಿನೊಳಗಿನ ನೀರು ಬಿಟ್ಟು ಮುದ್ದೆಯಾಗುತ್ತದೆ.
2. ಸುಗಂಧ ತೈಲವನ್ನು ಮೊದಲು ಕೊಬ್ಬರಿ ಎಣ್ಣೆಯಲ್ಲಿ ಕಲಸಿ. ಅದು ನೀರಿನಲ್ಲಿ ಕರಗುವುದಿಲ್ಲ. ನೇರವಾಗಿ ನೀರಿಗೆ ಹಾಕಿದರೆ ಮೇಲೆ ತೇಲಿ ಚರ್ಮಕ್ಕೆ ಹಾಗೇ ಅಂಟಿ ಉರಿ ತರಬಹುದು.
3. ಒಣ ಉಪ್ಪುಗಳನ್ನು ಬೆರೆಸಿ, ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಮರದ ಸೌಟಿನಿಂದ ಕಲಸಿ.
4. ಒಣಗಿದ ಗಾಜಿನ ಬಾಟಲಿಗೆ ತುಂಬಿ ಬಿಗಿ ಮುಚ್ಚಳ ಹಾಕಿ.

ಪರಿಮಳಕ್ಕೆ ದುಬಾರಿ ತೈಲವೇ ಬೇಕಿಲ್ಲ. ಒಣಗಿದ ಲಾವಂಚದ ಬೇರು, ಹಿತ್ತಲಿನ ಮಜ್ಜಿಗೆ ಹುಲ್ಲು ಒಣಗಿಸಿ ತುಂಡು ಮಾಡಿದ್ದು, ಏಲಕ್ಕಿ ಸಿಪ್ಪೆ ಸಾಕು. ಅವನ್ನು ತೆಳು ಬಟ್ಟೆಯ ಗಂಟು ಕಟ್ಟಿ ಹಾಕಿದರೆ ಬಚ್ಚಲ ಮೋರಿ ಕಟ್ಟಿಕೊಳ್ಳುವುದಿಲ್ಲ. ಗಂಧದ ಹೆಸರಿನ ಅಗ್ಗದ ಎಣ್ಣೆಗಳ ಬಗ್ಗೆ ಎಚ್ಚರವಿರಲಿ. ಸೊರಬ, ಸಾಗರದ ಗುಡಿಗಾರರು ಕೆತ್ತುವ ಶ್ರೀಗಂಧದ ಮರದ ಬೆಲೆ ಗೊತ್ತಿದ್ದವರಿಗೆ, ಅದರ ಎಣ್ಣೆ ಐವತ್ತು ರೂಪಾಯಿಗೆ ಬಾಟಲಿ ಬರುವುದಿಲ್ಲ ಎಂಬುದೂ ಗೊತ್ತು. ಅದು ಬಹುತೇಕ ಕೃತಕ ಪರಿಮಳ. ಕರ್ಪೂರ ಮತ್ತು ನೀಲಗಿರಿ ಎಣ್ಣೆಯನ್ನು ಚಿಕ್ಕ ಮಕ್ಕಳಿರುವ ಮನೆಗೆ ಬಳಸಬೇಡಿ. ಬಾಯಿಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ಬಳಸುವುದು ಹೇಗೆ?

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಬಾತ್ ಟಬ್ ಇಲ್ಲ. ತಂಬಿಗೆಯಲ್ಲಿ ನೀರು ಹೊಯ್ದುಕೊಳ್ಳುವ ಸ್ನಾನಕ್ಕೆ ಬಾತ್ ಸಾಲ್ಟ್ ಹಾಕಿ ಪ್ರಯೋಜನವಿಲ್ಲ, ಮೈಮೇಲೆ ನಿಲ್ಲುವಷ್ಟರಲ್ಲಿ ಹರಿದುಹೋಗಿರುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ ಕಾಲು ನೆನೆಸುವುದೇ ಸರಿಯಾದ ಬಳಕೆ.

ಬಿಸಿ ಎಷ್ಟಿರಬೇಕು ಎಂಬುದು ಮುಖ್ಯ. 49 ಡಿಗ್ರಿ ನೀರಿನಲ್ಲಿ ಕೆಲವು ನಿಮಿಷ ಕಾಲಿಟ್ಟರೆ ಚರ್ಮ ಸುಡುತ್ತದೆ. 60 ಡಿಗ್ರಿಯಾದರೆ ಕೆಲವೇ ಸೆಕೆಂಡು ಸಾಕು. ಸೌದೆ ಉರಿಯ ಹಂಡೆ ನೀರು ಇದಕ್ಕಿಂತ ಬಿಸಿಯಿರಬಹುದು. ಥರ್ಮಾಮೀಟರ್ ಇಲ್ಲದವರಿಗೆ ಒಂದು ಲೆಕ್ಕ: 3 ಪಾಲು ತಣ್ಣೀರು ಹಾಕಿ, ಅದಕ್ಕೆ 1 ಪಾಲು ಕುದಿಯುವ ನೀರು ಸೇರಿಸಿ. ತಣ್ಣೀರು 20ರಿಂದ 22 ಡಿಗ್ರಿ ಇದ್ದರೆ ಮಿಶ್ರಣ 40ರಿಂದ 42 ಡಿಗ್ರಿ ಆಸುಪಾಸಿಗೆ ಬರುತ್ತದೆ. ಬೇಸಿಗೆಯಲ್ಲಿ ತಣ್ಣೀರೇ ಬೆಚ್ಚಗಿರುವುದರಿಂದ ಕುದಿನೀರು ಕಡಿಮೆ ಹಾಕಿ. ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಚೆನ್ನಾಗಿ ಕಲಕಿ, ಮೊಣಕೈ ಅದ್ದಿ ನೋಡಿದ ಮೇಲೆಯೇ ಕಾಲಿಡಿ.

6 ಲೀಟರ್ ನೀರಿಗೆ ಮೂರು ದೊಡ್ಡ ಚಮಚ, ಎಂದರೆ ಸುಮಾರು 50 ಗ್ರಾಂ ಮಿಶ್ರಣ ಸಾಕು. 10ರಿಂದ 15 ನಿಮಿಷ ಕುಳಿತು, ಬರೀ ನೀರಿನಲ್ಲಿ ತೊಳೆದು, ಬೆರಳ ಸಂದಿ ಒರೆಸಿ, ಹಿಮ್ಮಡಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ. ಎಣ್ಣೆಯಂಶದಿಂದ ಬಚ್ಚಲ ಕಲ್ಲು ಜಾರುತ್ತದೆ. ವಯಸ್ಸಾದವರು ಎದ್ದು ನಡೆಯುವ ಮೊದಲು ನೆಲ ತೊಳೆದುಬಿಡಿ.

ಇನ್ನೆರಡು ಸಣ್ಣ ಸಂಗತಿ. ಸೋಪು ಹಚ್ಚುವುದಿದ್ದರೆ ಮೊದಲೇ ಹಚ್ಚಿ ತೊಳೆದುಕೊಳ್ಳಿ. ಮೆಗ್ನೀಷಿಯಂ ನೀರನ್ನು ಗಡಸು ಮಾಡುತ್ತದೆ, ಸೋಪು ನೊರೆ ಬಾರದೆ ಜಿಗುಟಾಗುತ್ತದೆ. ಬಳಸಿದ ನೀರನ್ನು ಬಚ್ಚಲ ಹಿಂದಿನ ಬಾಳೆ, ಕೆಸುವಿನ ಬುಡಕ್ಕೆ ಹೋಗಲು ಬಿಡಬೇಡಿ. ಎಪ್ಸಮ್ ಸಾಲ್ಟ್ ಸ್ವಲ್ಪ ಹೋದರೆ ತೊಂದರೆಯಿಲ್ಲ, ಆದರೆ ಕಲ್ಲುಪ್ಪಿನ ಸೋಡಿಯಂ ದಿನವೂ ಸೇರಿದರೆ ಮಣ್ಣು ಕೆಡುತ್ತದೆ.

ಯಾರು ಬಳಸಬಾರದು?

ಸಕ್ಕರೆ ಕಾಯಿಲೆ ಇರುವವರು ಮೊದಲನೆಯವರು. ವರ್ಷಗಳ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ನರಗಳ ಸಂವೇದನೆ ಕುಂದುತ್ತದೆ. ನೀರು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು, ಒಡೆದು, ಸೋಂಕಾಗಿ, ಗಾಯ ಮಾಯದೆ ಕೊನೆಗೆ ಬೆರಳು ಅಥವಾ ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಅದಕ್ಕೇ ಸಕ್ಕರೆ ಕಾಯಿಲೆಯವರು ಕಾಲು ನೆನೆಸಬೇಡಿ, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ ಎಂದು ವೈದ್ಯರು ಹೇಳುವುದು. ‘ಅಪ್ಪನಿಗೆ ಕಾಲು ಜೋಮು ಹಿಡಿಯುತ್ತದೆ, ಉಪ್ಪುನೀರಿನಲ್ಲಿ ಇಡಿಸೋಣ’ ಎಂದು ಪ್ರೀತಿಯಿಂದ ಬಿಸಿನೀರು ತರುವ ಮನೆಯವರು ಇದನ್ನು ತಿಳಿದಿರಬೇಕು. ಆ ಜೋಮು ಹಿಡಿಯುವುದೇ ಎಚ್ಚರಿಕೆಯ ಗಂಟೆ.

ಇವರೂ ವೈದ್ಯರನ್ನು ಕೇಳದೆ ಬಳಸಬಾರದು:

• ಕಾಲಿನಲ್ಲಿ ತೆರೆದ ಗಾಯ, ಆಳವಾದ ಹಿಮ್ಮಡಿ ಒಡಕು, ಇಸುಬು ಇರುವವರು
• ಕಾಲಿನ ರಕ್ತಸಂಚಾರದ ತೊಂದರೆ, ಉಬ್ಬಿದ ರಕ್ತನಾಳ ಇರುವವರು
• ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು
• ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು
• ಒಂದೇ ಕಾಲು ಊದಿಕೊಂಡು ನೋಯುತ್ತಿರುವವರು. ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ತಡಮಾಡದೆ ತೋರಿಸಿ.

ಉಡುಗೊರೆ ಕೊಡುವುದಾದರೆ

ಮಳೆಗಾಲದ ಮಲೆನಾಡಿನಲ್ಲಿ ಉಪ್ಪಿನ ಮರಿಗೆ ನೀರೊಡೆಯುವುದನ್ನು ನೋಡಿದ್ದೀರಿ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ತೇವ ಹೀರಿ ಕರಗತೊಡಗುತ್ತದೆ. ಶುದ್ಧ ಮಾಡದ ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಸೇರಿರುವುದರಿಂದ ಅದು ಇನ್ನೂ ಬೇಗ ನೀರಾಗುತ್ತದೆ. ಹಾಗಾಗಿ ಉಡುಗೊರೆಗೆ ಮಾಡುವುದಾದರೆ ದೀಪಾವಳಿಯ ನಂತರದ ಒಣ ತಿಂಗಳುಗಳು ಒಳ್ಳೆಯವು. ಹಸಿ ಹೂವು, ನಿಂಬೆ ಸಿಪ್ಪೆ ಹಾಕಬೇಡಿ, ಬೂಷ್ಟು ಬರುತ್ತದೆ. ನೊರೆ ಬರಲಿ ಎಂದು ಸೋಡಾ ಜೊತೆ ಸಿಟ್ರಿಕ್ ಆಮ್ಲ ಬೆರೆಸುವವರಿದ್ದಾರೆ. ತೇವ ತಗುಲಿದರೆ ಎರಡೂ ಬಾಟಲಿಯೊಳಗೇ ಅನಿಲ ಬಿಟ್ಟು ಮುಚ್ಚಳ ಹಾರಬಹುದು.

ಬಾಟಲಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ನಾಲ್ಕು ಸಾಲು ಬರೆದು ಅಂಟಿಸಿ: ‘ಕಾಲು ನೆನೆಸುವ ಉಪ್ಪು. ತಿನ್ನುವುದಕ್ಕಲ್ಲ. ಸಕ್ಕರೆ ಕಾಯಿಲೆಯವರಿಗಲ್ಲ. ಏನೇನು ಹಾಕಿದೆ, ಯಾವ ದಿನ ಮಾಡಿದ್ದು.’ ಅಡುಗೆಮನೆಯ ಉಪ್ಪಿನ ಪಕ್ಕ ಇಟ್ಟರೆ ಯಾರಾದರೂ ಸಾರಿಗೆ ಹಾಕುವ ಸಾಧ್ಯತೆ ನಿಜಕ್ಕೂ ಇದೆ. ಇನ್ನೊಂದು ಕಾರಣವೂ ಇದೆ. ಊಟದ ಉಪ್ಪಿಗೆ ಅಯೋಡಿನ್ ಇರಬೇಕೆಂದು ದೇಶದಲ್ಲಿ 2006ರಿಂದ ಕಡ್ಡಾಯ. ಸ್ನಾನಕ್ಕೆ ತಂದ ಕಲ್ಲುಪ್ಪಿನಲ್ಲಿ ಅದು ಇರಲಿಕ್ಕಿಲ್ಲ.

ಸ್ವಸಹಾಯ ಸಂಘದ ಮೂಲಕ ಮಾರುವ ಯೋಚನೆ ಇದ್ದರೆ ತಿಳಿದಿರಿ: ಮಾರಾಟಕ್ಕೆಂದು ಸೌಂದರ್ಯವರ್ಧಕ ತಯಾರಿಸಲು ಪರವಾನಗಿ ಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳು ಅದನ್ನು ಹೇಳುತ್ತವೆ. ‘ಸಕ್ಕರೆ ಕಾಯಿಲೆ ವಾಸಿ’ ಎಂಬಂಥ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ.

ಗ್ರೂಪಿಗೆ ಕಳುಹಿಸುವುದಾದರೆ ಇಷ್ಟು ಕಳುಹಿಸಿ

ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿದರೆ ದಣಿವು ಆರುತ್ತದೆ, ಉಪ್ಪು ಹಾಕದಿದ್ದರೂ ಆರುತ್ತದೆ. ಬಾತ್ ಸಾಲ್ಟ್‌ನಿಂದ ವಿಷ ಹೊರಬರುವುದಿಲ್ಲ, ಮೆಗ್ನೀಷಿಯಂ ಒಳಗೆ ಹೋಗುತ್ತದೆ ಎನ್ನಲು ಪುರಾವೆ ಸಾಲದು, ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ. ಎಪ್ಸಮ್ ಸಾಲ್ಟನ್ನು ಕುಡಿಯಬೇಡಿ. ಗೊಬ್ಬರದ ಚೀಲದ್ದನ್ನು ಮೈಗೆ ಬಳಸಬೇಡಿ, ಮೈಲುತುತ್ತವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಕಾಲನ್ನು ಬಿಸಿನೀರಿನಲ್ಲಿ ನೆನೆಸುವ ಬದಲು ಪ್ರತಿ ರಾತ್ರಿ ಬೆಳಕಿನಲ್ಲಿ ಒಮ್ಮೆ ನೋಡಿ, ಗಾಯ ಕಂಡರೆ ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.